ಜೀವಶಾಸ್ತ್ರಕ್ಕೆ ಲೆಕ್ಕವನ್ನು ಕಲಿಸಿದ ಫಿಷರ್ ಮಹಾಶಯನು

ಗಿಡಮರಗಳನ್ನೂ ಪ್ರಾಣಿಗಳನ್ನೂ ಕುರಿತು ಓದುವುದೆಂದರೆ ಹಿಗ್ಗುವ ಬಾಲಿಕೆಯರು ಲೆಕ್ಕದ ಪುಸ್ತಕವನ್ನು ಕಂಡೊಡನೆ ಮುಖ ಬಾಡಿಸುವುದನ್ನು ನಾವು ಅನೇಕಾವರ್ತಿ ಕಂಡಿದ್ದೇವೆ. ಹೂವಿಗೂ ಅಂಕೆಗೂ ಏನು ಸಂಬಂಧವೆಂದು ಅವರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರವನ್ನು ಕೊಡುವುದರಲ್ಲಿಯೇ ತನ್ನ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬ ಪಂಡಿತನ ಚರಿತ್ರೆಯನ್ನು ನಮ್ಮ ಪೂರ್ವವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ.

ರೊನಾಲ್ಡ್ ಐಲ್ಮರ್ ಫಿಷರನು 1890ನೆಯ ಇಸವಿ ಫೆಬ್ರವರಿ 17ನೆಯ ತಾರೀಖಿನಲ್ಲಿ ಲಂಡನ್ನಿನ ಈಸ್ಟ್ ಫಿಂಚ್ಲಿ ಎಂಬಲ್ಲಿ ಜನಿಸಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡನು. ತಂದೆಯ ಐಶ್ವರ್ಯವೂ ವ್ಯಾಪಾರದಲ್ಲಿ ನಷ್ಟವಾಯಿತು. ಬಾಲಕನ ಕಣ್ಣುಗಳು ಬಹಳ ದುರ್ಬಲವಾಗಿದ್ದುದರಿಂದ ದೀಪದ ಬೆಳಕಿನಲ್ಲಿ ಓದಕೂಡದೆಂದು ವೈದ್ಯರು ವಿಧಿಸಿದ್ದರು. ಆದಕಾರಣ ಆತನು ಕಾಗದ ಲೇಖನಿಗಳಿಲ್ಲದೆ, ಉಪಾಧ್ಯಾಯರ ಮಾತನ್ನು ಕೇಳುತ್ತ, ಆಕೃತಿಗಳನ್ನು ಮನಸ್ಸಿನಲ್ಲಿಯೇ ಬರೆದುಕೊಂಡು ಗಣಿತವನ್ನು ಕಲಿತನು. 1909ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿ 1912ರಲ್ಲಿ ಪದವೀಧರನಾದನು. ಮಹಾಯುದ್ಧವು ಪ್ರಾರಂಭವಾದಾಗ ದೃಷ್ಟಿಮಾಂದ್ಯದ ನಿಮಿತ್ತ ಸೈನ್ಯಕ್ಕೆ ಸೇರಲಾರದೆ, 1915ರಿಂದ 1919ರ ವರೆಗೆ ಶಾಲೆಗಳಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಬೋಧಿಸಿದನು. ಆ ಕೆಲಸವು ಆತನಿಗೆ ಹಿಡಿಸಲಿಲ್ಲ. ಮುಂದೆ ದೊಡ್ಡವರಿಗೆ ಗುರುವಾದವನು ಮಕ್ಕಳ ತರಗತಿಯಲ್ಲಿ ಸಂತೋಷವನ್ನು ಕಾಣಲಿಲ್ಲ.

1919ರಲ್ಲಿ ಆತನು ರೋಥಾಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾಲಯವನ್ನು ಸೇರಿದನು. ಅಲ್ಲಿ 1843ರಿಂದ ನಡೆದುಬಂದ ಗೊಬ್ಬರದ ಪ್ರಯೋಗಗಳ ದಾಖಲೆಗಳು ರಾಶಿಯಾಗಿದ್ದುವು. ಆದರೆ ಅಂಕೆಗಳು ಎಷ್ಟಿದ್ದರೇನು? ಒಂದು ಮಡಿಗೆ ಗೊಬ್ಬರ ಹಾಕಿ, ಪಕ್ಕದ ಮಡಿಗೆ ಹಾಕದೆ ಬಿಟ್ಟರೆ, ಮೊದಲನೆಯದರಲ್ಲಿ ಹೆಚ್ಚು ಬೆಳೆ ಬಂದುದು ಗೊಬ್ಬರದಿಂದಲೋ, ಮಣ್ಣಿನ ಗುಣದಿಂದಲೋ? ಇದನ್ನು ಬೇರ್ಪಡಿಸುವ ಉಪಾಯವನ್ನು ಫಿಷರನು ಮೂರು ಸೂತ್ರಗಳಲ್ಲಿ ಕಲಿಸಿದನು. ಒಂದೇ ಉಪಚಾರವನ್ನು ಅನೇಕ ಮಡಿಗಳಲ್ಲಿ ಮಾಡಿ ನೋಡಬೇಕು. ಒಂದೇ ಬಗೆಯ ಮಣ್ಣಿರುವ ಮಡಿಗಳನ್ನು ಗುಂಪುಗೂಡಿಸಿ ಆ ಗುಂಪಿನೊಳಗೆ ಹೋಲಿಸಬೇಕು. ಯಾವ ಮಡಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿ ನಿಶ್ಚಯಿಸಬೇಕು. ಪ್ರಯೋಗ ಮಾಡುವವನು ತಾನೇ ಆರಿಸಿದರೆ, ತನಗೆ ಪ್ರಿಯವಾದ ಗೊಬ್ಬರಕ್ಕೆ ಒಳ್ಳೆಯ ಮಡಿಯನ್ನು ಅರಿಯದೆಯೇ ಕೊಟ್ಟಾನು. 1923ರಲ್ಲಿ ಆಲೂಗೆಡ್ಡೆಯ ತಳಿಗಳ ಮೇಲೆ ಗೊಬ್ಬರದ ಪರಿಣಾಮವನ್ನು ಕುರಿತು ಆತನು ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ವಿನಿಫ್ರೆಡ್ ಮೆಕೆಂಜಿ ಎಂಬ ಮಹಿಳೆಯು ಸಹಲೇಖಕಿಯಾಗಿದ್ದಳೆಂಬುದನ್ನು ನಮ್ಮ ಬಾಲಿಕೆಯರು ಗಮನಿಸಬೇಕು.

ಮತ್ತೊಬ್ಬ ಮಹಿಳೆಯ ವೃತ್ತಾಂತವು ಇನ್ನೂ ರಮಣೀಯವಾಗಿದೆ. ರೋಥಾಮ್‌ಸ್ಟೆಡ್ಡಿನಲ್ಲಿ ಪಾಚಿಗಳ ಅಧ್ಯಯನ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬಾಕೆಗೆ ಫಿಷರನು ಒಂದು ದಿನ ಚಹವನ್ನು ಕೊಡಹೋದನು. ಹಾಲನ್ನು ಮೊದಲು ಹಾಕಿಲ್ಲವೆಂದು ಆಕೆ ಬೇಡವೆಂದಳು. ಯಾವುದನ್ನು ಮೊದಲು ಹಾಕಿದರೇನೆಂದು ಆತನು ನಕ್ಕನು. ರುಚಿಯಿಂದಲೇ ಭೇದವನ್ನು ತಿಳಿಯಬಲ್ಲೆನೆಂದು ಆಕೆ ಪಟ್ಟುಹಿಡಿದಳು. ಹಾಗಾದರೆ ಪರೀಕ್ಷೆಯಾಗಲೆಂದು ನಿಶ್ಚಯವಾಯಿತು. ಈ ಪ್ರಸಂಗವೇ 1935ರಲ್ಲಿ ಪ್ರಕಟವಾದ ಆತನ ಪ್ರಯೋಗಯೋಜನೆಯ ಗ್ರಂಥದಲ್ಲಿ ಮೊದಲನೆಯ ಉದಾಹರಣೆಯಾಯಿತು. ಎಂಟು ಬಟ್ಟಲುಗಳಲ್ಲಿ ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹ ಮೊದಲು. ಕೊಡುವ ಕ್ರಮವು ಚೀಟಿಯಂತೆ. ಎಂಟರಲ್ಲಿ ನಾಲ್ಕನ್ನು ಆರಿಸುವ ರೀತಿಗಳು 70. ಪೂರ್ಣವಾಗಿ ಸರಿಯಾದುದು ಒಂದೇ. ಆರೇ ಬಟ್ಟಲುಗಳಿದ್ದರೆ ರೀತಿಗಳು 20 ಮಾತ್ರ. ಆಗ ಊಹೆಯಿಂದ ಗೆಲ್ಲುವುದು ಸುಲಭವಾಗುವುದು. ಆದಕಾರಣ ಬಟ್ಟಲುಗಳೆಷ್ಟೆಂಬುದನ್ನು ಚಹ ಕಾಯಿಸುವುದಕ್ಕೆ ಮೊದಲೇ ಯೋಚಿಸಬೇಕು. ಆ ಮಹಿಳೆ ಗೆದ್ದಳೋ ಸೋತಳೋ ಎಂಬುದನ್ನು ಗ್ರಂಥದಲ್ಲಿ ಆತನು ಹೇಳಲೇ ಇಲ್ಲ. ಆಕೆಯ ಮಾತನ್ನು ಹಾಸ್ಯಮಾಡಿ ತಳ್ಳದೆ, ದಾಕ್ಷಿಣ್ಯದಿಂದ ಒಪ್ಪದೆ, ನ್ಯಾಯವಾಗಿ ಪರೀಕ್ಷಿಸುವುದೇ ಪಾಠದ ಸಾರ.

ಜೀವಶಾಸ್ತ್ರಜ್ಞರಿಗಾಗಿ 1925ರಲ್ಲಿ ಆತನು ಬರೆದ ಸಂಖ್ಯಾಶಾಸ್ತ್ರದ ಪುಸ್ತಕವು ಲೋಕಪ್ರಸಿದ್ಧವಾದರೂ ಸುಲಭವಾಗಿರಲಿಲ್ಲ. ಮನಸ್ಸಿನಲ್ಲಿಯೇ ಲೆಕ್ಕವನ್ನು ಕಾಣುತ್ತಿದ್ದವನಿಗೆ ಇತರರಿಗೆ ಯಾವ ಮೆಟ್ಟಲು ಬೇಕೆಂಬುದು ತೋರುತ್ತಿರಲಿಲ್ಲ. ಅಮೆರಿಕದ ಸ್ನೆಡೆಕರ್ ಮುಂತಾದವರು ಅದನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸಿದರು. 1938ರಲ್ಲಿ ಕಲ್ಕತ್ತೆಯ ಸಮ್ಮೇಳನಕ್ಕೆ ಬಂದಿದ್ದಾಗ, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿಗೆ ಓಡುವುದು ನಿಷ್ಫಲವೆಂದು ಆತನು ಎಚ್ಚರಿಸಿದನು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಕೇಂಬ್ರಿಜ್ಜಿನಲ್ಲಿ ಈತನ ಶಿಷ್ಯರಾಗಿ 1948ರಲ್ಲಿ ಡಾಕ್ಟರೇಟನ್ನು ಪಡೆದು, ಗುರುವಿಗೆ ಸಮಾನವಾದ ಕೀರ್ತಿಯನ್ನು ಗಳಿಸಿ, 2023ರಲ್ಲಿ ದಿವಂಗತರಾದರು.

ಇಷ್ಟು ಹೊಗಳಿದ ನಾವು ದೋಷಗಳನ್ನು ಮುಚ್ಚಿಡಲಾರೆವು. ಜನರಲ್ಲಿ ಉತ್ತಮ ಕುಲವನ್ನು ಆರಿಸಿ ಬೆಳೆಸಬೇಕೆಂಬ ಅನಿಷ್ಟವಾದ ಮತವನ್ನು ಆತನು ಕೊನೆಯ ವರೆಗೂ ಬಿಡಲಿಲ್ಲ. ಅದೇ ಕಾರಣದಿಂದ ಆತನ ಸ್ಮರಣಾರ್ಥವಾಗಿ ಇಟ್ಟಿದ್ದ ಬಣ್ಣದ ಗಾಜಿನ ಕಿಟಕಿಯನ್ನು ತೆಗೆಯಲು ಕೇಂಬ್ರಿಜ್ಜಿನ ಆತನ ಕಾಲೇಜು 2020ರಲ್ಲಿ ನಿಶ್ಚಯಿಸಿತು. ಹೊಗೆಸೊಪ್ಪಿನ ಸೇವನೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಡಾಲ್ ಮತ್ತು ಹಿಲ್ ಎಂಬವರು 1950ರಲ್ಲಿ ತೋರಿಸಿದ ಬಳಿಕ, ತಾನೇ ಪೈಪು ಸೇದುತ್ತಿದ್ದ ಫಿಷರನು, ಹೊಗೆಸೊಪ್ಪಿನ ವ್ಯಾಪಾರಿಗಳ ಸಲಹೆಗಾರನಾಗಿದ್ದುಕೊಂಡು, ಅದನ್ನು ಖಂಡಿಸುತ್ತ ಬರೆದನು. ಹೊಂದಿಕೆಯೊಂದೇ ಕಾರಣವನ್ನು ಸ್ಥಾಪಿಸದೆಂಬ ಆತನ ತತ್ತ್ವವು ಸತ್ಯವೇ. ಆದರೆ ರಾಶಿಬಿದ್ದ ಸಾಕ್ಷ್ಯಕ್ಕೆ ಆತನು ತಕ್ಕ ಬೆಲೆಯನ್ನು ಕೊಡಲಿಲ್ಲ. ಚಹದ ಬಟ್ಟಲಿಗೆ ತೋರಿದ ನ್ಯಾಯವನ್ನು ತನ್ನ ಪೈಪಿನ ವಿಷಯದಲ್ಲಿ ತೋರಲಾರದೆ ಹೋದನು.

1952ರಲ್ಲಿ ಸರ್ ಎಂಬ ಬಿರುದನ್ನು ಪಡೆದ ಈತನು 1962ನೆಯ ಇಸವಿ ಜುಲೈ 29ರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಮೃತನಾದನು. ಆತನ ಚಿತಾಭಸ್ಮವು ಅಲ್ಲಿಯ ಸೇಂಟ್ ಪೀಟರ್ಸ್ ದೇವಾಲಯದಲ್ಲಿದೆ.

ನಮ್ಮ ಬಾಲಿಕೆಯರು ಎರಡು ಕುಂಡಗಳಲ್ಲಿ ಅವರೆಕಾಳನ್ನು ಬಿತ್ತಿ ಒಂದನ್ನು ಬಿಸಿಲಿನಲ್ಲಿಯೂ ಒಂದನ್ನು ನೆರಳಿನಲ್ಲಿಯೂ ಇಟ್ಟು ತೀರ್ಪು ಕೊಡಲು ಹೊರಟಾಗ, ಎರಡು ಕುಂಡಗಳು ಸಾಕೇ, ಯಾವುದು ಎಲ್ಲಿಗೆಂದು ಆರಿಸಿದವರು ಯಾರು ಎಂದು ನಾವು ಕೇಳಬೇಕು. ಆ ಪ್ರಶ್ನೆಯನ್ನು ತಮಗೆ ಅಪ್ರಿಯವಾದ ವಿಷಯದಲ್ಲಿ ಮಾತ್ರವಲ್ಲ, ಅತಿ ಪ್ರಿಯವಾದ ವಿಷಯದಲ್ಲಿಯೂ ಕೇಳಿಕೊಳ್ಳುವುದನ್ನು ಅವರು ಕಲಿತರೆ, ಗುರುವು ಎಡವಿದ ಸ್ಥಳವನ್ನು ಶಿಷ್ಯೆಯರು ದಾಟಿದಂತಾಗುವುದು.