ನಡೆದು ನಾಡನ್ನು ಕಂಡ ಕವಿ

ಶರದೃತುವಿನ ರಜೆ ಬಂದೊಡನೆ ನಮ್ಮ ಮನಸ್ಸು ಊರಿನತ್ತ ಓಡುತ್ತದೆ. ಮೈಸೂರಿನಲ್ಲಿ ಓದುತ್ತಿದ್ದ ಕುಪ್ಪಳಿಯ ಪುಟ್ಟಪ್ಪನವರಿಗೂ, ಎಂದರೆ ಕುವೆಂಪು ಅವರಿಗೂ, ಬಿಡುವು ಬಂದಿತೆಂದರೆ ಮಲೆನಾಡಿನದೇ ಹಂಬಲ. 1904ರ ದಶಂಬರ 29ರಂದು ಜನಿಸಿದ ಅವರು ತೀರ್ಥಹಳ್ಳಿ ಸೀಮೆಯ ಅಡಕೆಯ ತೋಟ, ಗದ್ದೆ, ಕಾಡುಗಳಲ್ಲಿ ನಡೆದಾಡಿ ಬೆಳೆದರು. ಮನೆಯ ಸಮೀಪದ ಗುಡ್ಡದ ಬಂಡೆಯ ಮೇಲೆ ಕುಳಿತು ಸೂರ್ಯಾಸ್ತವನ್ನು ನೋಡುತ್ತಿದ್ದರು. ಅದುವೇ ಕವಿಶೈಲ.

ಮೊದಲು ಅವರು ಇಂಗ್ಲಿಷಿನಲ್ಲಿ ಕವಿತೆ ರಚಿಸಿದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ತಾಯ್ನುಡಿಯಲ್ಲಿ ಬರೆಯುವಂತೆ ತಿಳಿಹೇಳಿದರು. ತರುಣ ಕವಿ ಕನ್ನಡಕ್ಕೆ ತಿರುಗಿದರು. ನಡೆದು ಕಂಡ ನೋಟಗಳು 1933ರಲ್ಲಿ 'ಮಲೆನಾಡಿನ ಚಿತ್ರಗಳು' ಎಂಬ ಗದ್ಯಗ್ರಂಥವಾದವು. 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವು ಕನ್ನಡಕ್ಕೆ ಪ್ರಥಮ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು. ಮೈಸೂರಿನಲ್ಲಿ ನೆಲಸಿದ ಮೇಲೂ ಕುಕ್ಕರಹಳ್ಳಿ ಕೆರೆಯ ದಂಡೆಯ ನಡಿಗೆಯನ್ನು ಅವರು ಬಿಡಲಿಲ್ಲ. 1994ರ ನವಂಬರ 11ರಂದು ಕಾಲವಶರಾದ ಕವಿಯ ಸಮಾಧಿಯು ಕವಿಶೈಲದಲ್ಲಿಯೇ ಇದೆ.

ನಮ್ಮ ಕುರ್ಲಾದಲ್ಲಿ ಕಾಡಿಲ್ಲ. ಮಿಠಿ ನದಿಯ ನೀರು ಕೊಳೆಯಾಗಿದೆ. ಕನ್ನಡದಲ್ಲಿ ಓದಿ ಫಲವೇನೆಂದು ಕೇಳುವವರೂ ಸುತ್ತಲಿದ್ದಾರೆ. ಆ ಮಾತಿಗೆ ಮನ ಕುಗ್ಗಿದಾಗ ಈ ಬಾಳನ್ನು ನೆನೆಯೋಣ. ರಜೆಯಲ್ಲಿ ಒಂದು ದಿನ ನಡೆದು ಬಂದು, ಕಂಡುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಣ.