ಬೆನ್ನುಹುರಿ ಮುರಿದವರ ಬಂಧು ಡಾ. ಲುಡ್ವಿಗ್ ಗುಟ್‌ಮನ್

ಮರದಿಂದ ಬಿದ್ದು, ಬಾವಿಗೆ ಧುಮುಕುವಾಗ ಕಲ್ಲಿಗೆ ತಲೆ ಬಡಿದು, ಇಲ್ಲವೆ ಗಾಡಿ ಮಗುಚಿ ಬೆನ್ನೆಲುಬು ಮುರಿದುಕೊಂಡವರನ್ನು ನಾವು ಒಂದಲ್ಲ ಒಂದು ಊರಿನಲ್ಲಿ ಕಂಡಿರುತ್ತೇವೆ. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದವರನ್ನು ನೋಡಿ, ಇನ್ನು ಇವರ ಬಾಳು ಮುಗಿಯಿತೆಂದು ನಿಟ್ಟುಸಿರು ಬಿಟ್ಟು ಬರುವುದು ನಮ್ಮ ರೂಢಿ. ಎರಡನೆಯ ಮಹಾಯುದ್ಧದ ಕಾಲದವರೆಗೆ ದೊಡ್ಡ ದೊಡ್ಡ ವೈದ್ಯರೂ ಹಾಗೆಯೇ ತಿಳಿದಿದ್ದರು. ಆ ತಿಳುವಳಿಕೆ ತಪ್ಪೆಂಬುದನ್ನು ಮಾಡಿ ತೋರಿಸಿದ ಮಹನೀಯರು ಡಾ. ಲುಡ್ವಿಗ್ ಗುಟ್‌ಮನ್. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳೂ ಪಾಲಕರೂ ಅರಿಯಬೇಕೆಂಬುದೇ ನಮ್ಮ ಆಶಯ.

ಗುಟ್‌ಮನ್ನರು 1899ನೆಯ ಜುಲೈ 3ರಂದು ಅಂದಿನ ಜರ್ಮನಿಯ ಟೋಸ್ಟ್ ಎಂಬ ಸಣ್ಣ ಊರಿನ ಯಹೂದಿ ಮನೆತನದಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ಅದು ಕಲ್ಲಿದ್ದಲ ಗಣಿಗಳ ಸೀಮೆ. 1917ರಲ್ಲಿ, ಇನ್ನೂ ವೈದ್ಯಕೀಯ ಓದನ್ನು ಆರಂಭಿಸುವ ಮೊದಲೇ, ಅವರು ಒಂದು ಆಸ್ಪತ್ರೆಯಲ್ಲಿ ಸ್ವಯಂಸೇವಕರಾಗಿ ಸೇರಿಕೊಂಡರು. ಅಲ್ಲಿಗೆ ಬೆನ್ನೆಲುಬು ಮುರಿದ ಒಬ್ಬ ಗಣಿ ಕಾರ್ಮಿಕನನ್ನು ತಂದರು. ಕಟ್ಟುಮಸ್ತಾದ ತರುಣ. ಅವನ ವಿಷಯವನ್ನು ವಿವರವಾಗಿ ಬರೆದಿಡುವ ಅಗತ್ಯವಿಲ್ಲ, ಕೆಲವು ವಾರಗಳಲ್ಲಿ ಸಾಯುತ್ತಾನೆಂದು ಹಿರಿಯರು ಹೇಳಿಬಿಟ್ಟರು. ಐದು ವಾರಗಳಲ್ಲಿ ಅವನು ನಂಜೇರಿ ತೀರಿಕೊಂಡನು. ಹದಿನೆಂಟರ ಹರೆಯದ ಗುಟ್‌ಮನ್ನರು ಆ ಮುಖವನ್ನು ಕೊನೆಯವರೆಗೂ ಮರೆಯಲಿಲ್ಲ.

1924ರಲ್ಲಿ ವೈದ್ಯ ಪದವಿ ಪಡೆದು, ಬ್ರೆಸ್ಲಾವ್ ನಗರದಲ್ಲಿ ಓಟ್‌ಫ್ರಿಡ್ ಫೋರ್ಸ್ಟರ್ ಎಂಬ ಪ್ರಸಿದ್ಧ ನರತಜ್ಞರ ಬಳಿ ಕೆಲಸ ಕಲಿತರು. ಕೀರ್ತಿ ಬೆಳೆಯುತ್ತಿರುವಾಗಲೇ 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯಹೂದಿ ಎಂಬ ಒಂದೇ ಕಾರಣಕ್ಕೆ ಅವರ ಕೆಲಸ ಹೋಯಿತು. ಆಗ ಅವರು ಅದೇ ನಗರದ ಯಹೂದಿ ಆಸ್ಪತ್ರೆಯನ್ನು ಸೇರಿ ಮುಂದೆ ಅದರ ಮುಖ್ಯಸ್ಥರಾದರು. 1938ರ ನವೆಂಬರ್ 9ರ ರಾತ್ರಿ ದೇಶದಾದ್ಯಂತ ಯಹೂದಿಗಳ ಮನೆ, ಅಂಗಡಿ, ಮಂದಿರಗಳಿಗೆ ಬೆಂಕಿ ಬಿದ್ದಿತು. ಬಾಗಿಲಿಗೆ ಬಂದವರನ್ನೆಲ್ಲ ಏನೂ ಕೇಳದೆ ಒಳಗೆ ಸೇರಿಸಿಕೊಳ್ಳಿರೆಂದು ಗುಟ್‌ಮನ್ನರು ಸಿಬ್ಬಂದಿಗೆ ಆಜ್ಞೆ ಮಾಡಿದರು. ಮರುದಿನ ರಹಸ್ಯ ಪೋಲೀಸರು ಬಂದಾಗ ಪ್ರತಿಯೊಂದು ಹಾಸಿಗೆಯ ಬಳಿ ನಿಂತು, ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆಯ ಹೆಸರು ಹೇಳಿದರು. ಆ ರಾತ್ರಿ ಸೇರಿಸಿಕೊಂಡ 64 ಮಂದಿಯಲ್ಲಿ 60 ಮಂದಿ ಸೆರೆಯಿಂದ ಪಾರಾದರು.

ಮುಂದಿನ ವರ್ಷದ ಮಾರ್ಚ್ ತಿಂಗಳಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಅವರು ಇಂಗ್ಲೆಂಡಿಗೆ ನಿರಾಶ್ರಿತರಾಗಿ ಬಂದಿಳಿದರು. ಆಕ್ಸ್‌ಫರ್ಡಿನಲ್ಲಿ ಸಂಶೋಧನೆಗೆ ಅವಕಾಶ ದೊರೆಯಿತು. ಯುದ್ಧದಲ್ಲಿ ಬೆನ್ನಿಗೆ ಗುಂಡು ತಗಲಿದ ಸೈನಿಕರ ಸಂಖ್ಯೆ ಏರುತ್ತಿತ್ತು. ಅವರಿಗಾಗಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಒಂದು ಕೇಂದ್ರವನ್ನು ನಡೆಸಲು ಸರ್ಕಾರ ಕೇಳಿಕೊಂಡಾಗ, ತಮ್ಮ ರೀತಿಯಲ್ಲೇ ಚಿಕಿತ್ಸೆ ಮಾಡಲು ಬಿಡಬೇಕೆಂಬ ಷರತ್ತಿನ ಮೇಲೆ ಒಪ್ಪಿಕೊಂಡರು. 1944ರ ಫೆಬ್ರವರಿ 1ರಂದು 26 ಹಾಸಿಗೆಗಳ ಆ ಕೇಂದ್ರ ಆರಂಭವಾಯಿತು.

ಇಲ್ಲಿ ನಾವು ಒಂದು ವಿಷಯವನ್ನು ತಿಳಿದುಕೊಳ್ಳಬೇಕು. ಬೆನ್ನುಹುರಿ ಎಂಬುದು ಮೆದುಳಿಗೂ ಮೈಗೂ ನಡುವಿನ ತಂತಿಯಂತೆ. ಅದು ಕಡಿದರೆ ಕೆಳಗಿನ ಅಂಗಗಳು ಅಲುಗುವುದಿಲ್ಲ, ನೋವೂ ತಿಳಿಯುವುದಿಲ್ಲ. ನಮಗೆ ಒಂದೇ ಮಗ್ಗುಲಲ್ಲಿ ಮಲಗಿ ನೋವಾದರೆ ನಿದ್ದೆಯಲ್ಲೇ ಹೊರಳುತ್ತೇವೆ. ರೋಗಿಗೆ ಅದು ಸಾಧ್ಯವಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ, ಹುಣ್ಣು ಕೊಳೆತು ನಂಜೇರುತ್ತದೆ. ಮೂತ್ರ ತಾನಾಗಿ ಹೋಗದೆ ಮೂತ್ರಪಿಂಡಗಳು ಕೆಡುತ್ತವೆ. ಹೀಗೆ ಆ ರೋಗಿಗಳು ಸಾಯುತ್ತಿದ್ದುದು ಬಹುಮಟ್ಟಿಗೆ ಮುರಿದ ಬೆನ್ನಿನಿಂದಲ್ಲ, ಈ ಎರಡು ಕಾರಣಗಳಿಂದ.

ಗುಟ್‌ಮನ್ನರು ಹಿಡಿದ ದಾರಿ ಬಹು ಸರಳ. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಬೇಕು. ಮೈಗೆ ಹಾಕಿದ ಸುಣ್ಣದ ಕಟ್ಟುಗಳನ್ನು ತೆಗೆಯಬೇಕು. ಮೂತ್ರ ತೆಗೆಯುವಾಗ ಶಸ್ತ್ರಚಿಕಿತ್ಸೆಯಷ್ಟೇ ಶುಚಿ ಇರಬೇಕು. ಇದರಲ್ಲಿ ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಬೇಕಾದುದು ಬಿಡುವಿಲ್ಲದ ಶ್ರದ್ಧೆ. ನಡುರಾತ್ರಿ ತಾವೇ ಬಂದು ಕೆಲಸ ನಡೆದಿದೆಯೇ ಎಂದು ನೋಡುತ್ತಿದ್ದರು. ಅವರ ಕೋಪಕ್ಕೆ ಹೆದರದವರಿರಲಿಲ್ಲ. ಆದರೂ ರೋಗಿಗಳು ಅವರನ್ನು ಪ್ರೀತಿಯಿಂದ ಪಾಪಾ ಎಂದೇ ಕರೆಯುತ್ತಿದ್ದರು. ಸಂಶೋಧನೆಯನ್ನೂ ಅವರು ಬಿಡಲಿಲ್ಲ. ಇಂಥ ರೋಗಿಗಳಲ್ಲಿ ಮೂತ್ರಕೋಶ ತುಂಬಿ ಬಿಗಿದರೆ ರಕ್ತದೊತ್ತಡ ಅಪಾಯಕರವಾಗಿ ಏರಬಹುದೆಂಬುದನ್ನು ವಿಟ್ಟರಿಜ್ ಎಂಬ ವಿಜ್ಞಾನಿಯೊಡನೆ 1947ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಪ್ರಾಣ ಉಳಿಸುವ ತಿಳಿವಳಿಕೆ.

ಪ್ರಾಣ ಉಳಿದರೆ ಸಾಲದು, ಬಾಳಿಗೆ ಅರ್ಥ ಬೇಕು. ಅದಕ್ಕಾಗಿ ರೋಗಿಗಳಿಗೆ ಕೈಕಸಬು ಕಲಿಸಿದರು, ಆಟ ಆಡಿಸಿದರು. ಬಿಲ್ಲುಗಾರಿಕೆಯೆಂದರೆ ಅವರಿಗೆ ಅಚ್ಚುಮೆಚ್ಚು. ಅದರಿಂದ ಹೆಗಲು ಬಲಗೊಳ್ಳುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವನು ನಿಂತವನೊಡನೆ ಸರಿಸಮನಾಗಿ ಸ್ಪರ್ಧಿಸಬಹುದು. 1948ರ ಜುಲೈ 29ರಂದು ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಉದ್ಘಾಟನೆಯಾದ ದಿನವೇ, ತಮ್ಮ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಜನ ಗಾಯಾಳುಗಳ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. 1952ರಲ್ಲಿ ಹಾಲೆಂಡಿನವರು ಬಂದು ಸೇರಿದರು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಮಂದಿ ಸ್ಪರ್ಧಿಸಿದರು. ಇಂದು ನಾವು ಪ್ಯಾರಾಲಿಂಪಿಕ್ಸ್ ಎನ್ನುವ ಮಹಾಕ್ರೀಡೆಯ ಹುಟ್ಟು ಹೀಗಾಯಿತು.

ಈ ಬೆಳೆಯ ಒಂದು ತೆನೆ ನಮ್ಮ ಸಾಂಗಲಿ ಜಿಲ್ಲೆಗೂ ದಕ್ಕಿದೆ. ಇದೇ ಜಿಲ್ಲೆಯ ಮುರಳಿಕಾಂತ ಪೇಟ್ಕರ ಅವರು 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲುಗಳ ಬಲ ಕಳೆದುಕೊಂಡ ಸೈನಿಕರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನದ ಪದಕ ಗೆದ್ದು ತಂದರು. ಗುಟ್‌ಮನ್ನರನ್ನು ಹೊರಗಟ್ಟಿದ ದೇಶದಲ್ಲೇ ಅವರು ನೆಟ್ಟ ಸಸಿ ಹೀಗೆ ಫಲ ಕೊಟ್ಟಿತು.

ಗುಟ್‌ಮನ್ನರಿಗೆ 1966ರಲ್ಲಿ ಸರ್ ಪದವಿ ದೊರೆಯಿತು. 1973ರಲ್ಲಿ ತಮ್ಮ ಅನುಭವವನ್ನೆಲ್ಲ ದೊಡ್ಡ ಗ್ರಂಥವಾಗಿ ಬರೆದರು. 1980ರ ಮಾರ್ಚ್ 18ರಂದು ತಮ್ಮ 80ನೆಯ ವಯಸ್ಸಿನಲ್ಲಿ ನಿಧನರಾದರು.

ಅವರ ನಂತರ ಮಕ್ಕಳ ಬೆನ್ನುಹುರಿಯ ವಿಷಯದಲ್ಲಿ ಹೊಸ ಸಂಗತಿಗಳು ತಿಳಿದುಬಂದಿವೆ. ಚಿಕ್ಕ ಮಕ್ಕಳ ತಲೆ ಅವರ ಮೈಗೆ ಹೋಲಿಸಿದರೆ ದೊಡ್ಡದು, ಭಾರ; ಕುತ್ತಿಗೆಯ ಸ್ನಾಯುಗಳು ಎಳೆಯವು. ಅವರ ಬೆನ್ನೆಲುಬು ಮುರಿಯದೆಯೇ ಹಿಗ್ಗಬಲ್ಲದು. ಒಳಗಿನ ಹುರಿ ಅಷ್ಟು ಹಿಗ್ಗದೆ ಪೆಟ್ಟು ತಿನ್ನುತ್ತದೆ. ಆದುದರಿಂದ ಎಕ್ಸ್-ರೇ ಚಿತ್ರದಲ್ಲಿ ಏನೂ ಕಾಣದಿದ್ದರೂ ಹುರಿಗೆ ಗಾಯವಾಗಿರಬಹುದೆಂದು ಪಾಂಗ್ ಮತ್ತು ವಿಲ್ಬರ್ಗರ್ ಎಂಬ ವೈದ್ಯರು 1982ರಲ್ಲಿ ವಿವರಿಸಿದರು. ಬಿದ್ದ ಮಗು ಕೈಕಾಲು ಜುಮ್ಮೆನ್ನುತ್ತದೆ, ಬಲವಿಲ್ಲ ಎಂದರೆ ಪಾಲಕರು ಅದನ್ನು ತಳ್ಳಿಹಾಕಬಾರದು. ಬೆಳೆಯುವ ವಯಸ್ಸಿನಲ್ಲಿ ಹುರಿಗೆ ಪೆಟ್ಟಾದವರ ಬೆನ್ನು ಮುಂದೆ ಡೊಂಕಾಗುವ ಸಂಭವ ಹೆಚ್ಚಾದ್ದರಿಂದ ವರ್ಷ ವರ್ಷವೂ ತಪಾಸಣೆ ಬೇಕು.

ಕಡಿದ ಹುರಿಯನ್ನು ಮತ್ತೆ ಬೆಸೆಯುವ ವಿದ್ಯೆ ಇನ್ನೂ ಕೈಗೂಡಿಲ್ಲ. ಹೀಗಿರುವಾಗ ಎಚ್ಚರಿಕೆಯೇ ನಮ್ಮ ಮೊದಲ ಔಷಧ. ಆಳ ತಿಳಿಯದ ನೀರಿಗೆ ತಲೆಕೆಳಗಾಗಿ ಧುಮುಕಬಾರದು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು, ಕೂರಿಸಬಾರದು. ತಲೆ ಕುತ್ತಿಗೆಗಳನ್ನು ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಬೇಕು. ಅನಿವಾರ್ಯವಾದರೆ ಮಾತ್ರ ಹಲವರು ಕೂಡಿ ಹಲಗೆಯ ಮೇಲೆ ನೇರವಾಗಿ ಮಲಗಿಸಿ ಸಾಗಿಸಬೇಕು. ಅಕಸ್ಮಾತ್ ಯಾರಾದರೂ ಗಾಲಿಕುರ್ಚಿಯಲ್ಲಿ ಶಾಲೆಯ ಬಾಗಿಲಿಗೆ ಬಂದರೆ, ಅಯ್ಯೋ ಪಾಪ ಎಂದು ಮರುಗುವುದಕ್ಕಿಂತ ಅವರನ್ನು ತರಗತಿಗೂ ಆಟದ ಬಯಲಿಗೂ ಕರೆದೊಯ್ಯೋಣ. ಒಬ್ಬ ಗಣಿ ಕಾರ್ಮಿಕನ ಸಾವನ್ನು ಮರೆಯದ ಹುಡುಗನಿಂದ ಸಾವಿರಾರು ಮಂದಿಗೆ ಬಾಳು ದೊರೆಯಿತು. ನಮ್ಮ ಶಾಲೆಯ ಮಕ್ಕಳೂ ಕಂಡವರ ಕಷ್ಟವನ್ನು ಮರೆಯದವರಾಗಲಿ ಎಂದು ಹಾರೈಸುತ್ತೇವೆ.