ಅರ್ಥದ ಲೆಕ್ಕಿಗ ಫ್ರೇಗೆ

ಕಳೆದ ವರ್ಷ ತರಗತಿಯಲ್ಲಿ ಕಿರುಪರೀಕ್ಷೆಯ ಫಲವನ್ನು ತಿಳಿಸುತ್ತ, ಎಲ್ಲರೂ ತೇರ್ಗಡೆಯಾಗಿಲ್ಲ ಎಂದೆ. ಕೆಲವರು ಉಳಿದರೆಂಬುದು ನನ್ನ ಅಭಿಪ್ರಾಯ. ಹಿಂದಿನ ಸಾಲಿನ ಹುಡುಗನೊಬ್ಬನು ಒಬ್ಬರೂ ತೇರ್ಗಡೆಯಾಗಿಲ್ಲವೆಂದೇ ತಿಳಿದು, ಅಂಕಪಟ್ಟಿಯನ್ನೂ ನೋಡದೆ ಊರಿಗೆ ಹೊರಟುಹೋದನು. ಅವನು ತೇರ್ಗಡೆಯಾಗಿದ್ದನು. ವ್ಯಾಕರಣ ಪಾಠ ಹೇಳುವ ನನಗೆ ಇದಕ್ಕಿಂತ ನಾಚಿಕೆ ಬೇಕೆ? ಅಂದು ನೆನಪಾದವನು ಗಾಟ್ಲೋಬ್ ಫ್ರೇಗೆ.

ಫ್ರೇಗೆ ಹುಟ್ಟಿದ್ದು 1848ರಲ್ಲಿ, ಜರ್ಮನಿಯ ವಿಸ್ಮಾರ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯಸ್ಥ. ಮಕ್ಕಳಿಗಾಗಿ ಜರ್ಮನ್ ಭಾಷೆಯ ಪಾಠಪುಸ್ತಕವನ್ನು ಬರೆದವನು. ಮಗ ಗಣಿತಜ್ಞನಾಗಿ ಯೇನಾ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿದನು. 1879ರಲ್ಲಿ ಆತನು ಪ್ರಕಟಿಸಿದ ಭಾವಲಿಪಿಯ ಕಿರುಹೊತ್ತಗೆಯಲ್ಲಿ ‘ಎಲ್ಲ’ ಮತ್ತು ‘ಇಲ್ಲ’ಗಳ ವ್ಯಾಪ್ತಿ ಗೆರೆಗಳಿಂದಲೇ ಗೊತ್ತಾಗುತ್ತದೆ. ಇಲ್ಲ ಎಂಬ ಗೀಟು ಎಲ್ಲ ಎಂಬುದರ ಹಿಂದಿದ್ದರೆ ಒಂದರ್ಥ, ಮುಂದಿದ್ದರೆ ಇನ್ನೊಂದು. ನನ್ನ ವಾಕ್ಯ ಆ ಲಿಪಿಯಲ್ಲಿದ್ದರೆ ಹುಡುಗ ಬಸ್ಸು ಹತ್ತುತ್ತಿರಲಿಲ್ಲ!

ಇಂದಿನ ಗಣಕಭಾಷೆಗಳು ಈ ಕೆಲಸವನ್ನು ಆವರಣಗಳಿಂದ ಮಾಡುತ್ತವೆ. ಯಂತ್ರವು ಹೇಳುವವನ ಮುಖ ನೋಡಿ ಅರ್ಥ ಊಹಿಸದು. ಬಿಡಿಭಾಗಗಳ ಅರ್ಥದಿಂದ ಇಡಿಯ ಅರ್ಥವನ್ನು ಕಟ್ಟುವ ಕ್ರಮವನ್ನು 1970ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ಸ್ಟ್ರೇಚಿ, ಡೇನಾ ಸ್ಕಾಟ್ ಇವರು ಗಣಕಭಾಷೆಗಳಿಗೆ ಅಳವಡಿಸಿದರು. ಫ್ರೇಗೆಯ ದಾರಿಯೇ ಅದು.

1892ರ ಪ್ರಬಂಧದಲ್ಲಿ ಆತನು ಅರ್ಥವನ್ನೇ ಎರಡಾಗಿ ಸೀಳಿದನು. ಮುಂಜಾವದ ಚುಕ್ಕೆ, ಸಂಜೆಯ ಚುಕ್ಕೆ ಎರಡೂ ಶುಕ್ರಗ್ರಹವೇ; ವಸ್ತು ಒಂದು, ಅದನ್ನು ತೋರುವ ಬಗೆ ಬೇರೆ. ಒಂದರಿಂದ ನೂರರವರೆಗೆ ಒಂದೊಂದಾಗಿ ಕೂಡಿಸುವ ಕ್ರಮವಿಧಿಗೂ, ನೂರನ್ನು ನೂರೊಂದರಿಂದ ಗುಣಿಸಿ ಅರ್ಧಮಾಡುವ ಕ್ರಮವಿಧಿಗೂ ಉತ್ತರ 5050. ಆದರೂ ಎರಡನ್ನೂ ಒಂದೇ ಎನ್ನಲು ಮನಸ್ಸೊಪ್ಪದು. ಗಣಕವನ್ನರಿತ ವಿದ್ಯಾರ್ಥಿಗಳಿಗೆ ಈ ಭೇದ ಬೇಗನೆ ಹೊಳೆಯುತ್ತದೆ. ಗ್ರಹದ ನಿದರ್ಶನದಿಂದ ಅಷ್ಟು ಬೇಗ ಹೊಳೆಯದು.

ನಾಯಿ ಎಂದರೂ ಕುನ್ನಿ ಎಂದರೂ ಆಲೋಚನೆಯ ಸತ್ಯಾಸತ್ಯ ಬದಲಾಗದು, ಬಣ್ಣ ಮಾತ್ರ ಬೇರೆ ಎಂಬುದು ಆತನ ಮತ. ಗಣಕಕ್ಕೂ ಆ ಬಣ್ಣ ಬೇಡ. ಧ್ವನಿಯೇ ಕಾವ್ಯದ ಆತ್ಮವೆಂದು ಓದಿ ಬಂದ ನಾನು ಇಲ್ಲಿ ಫ್ರೇಗೆಯ ಜೊತೆ ನಡೆಯಲಾರೆ. ಬೈಗುಳ ತಿಂದವನಿಗೆ ಬಣ್ಣವೇ ಮುಖ್ಯ.

1902ರ ಜೂನ್‌ನಲ್ಲಿ ಬರ್ಟ್ರಂಡ್ ರಸೆಲ್ಲನ ಕಾಗದ ಬಂತು. ತನ್ನಲ್ಲಿ ತಾನು ಸೇರದ ಗಣಗಳ ಗಣವು ತನ್ನಲ್ಲಿ ಸೇರುವುದೋ ಇಲ್ಲವೋ? ಹೇಗೆ ಹೇಳಿದರೂ ವಿರೋಧ. ಗಣಿತಕ್ಕೆ ಫ್ರೇಗೆ ಹಾಕಿದ್ದ ಅಡಿಪಾಯ ಕುಸಿಯಿತು. ಎರಡನೆಯ ಸಂಪುಟ ಆಗ ಅಚ್ಚಿನಲ್ಲಿತ್ತು. ಆತನು ದೋಷವನ್ನು ಮುಚ್ಚಿಡದೆ ಅನುಬಂಧವೊಂದರಲ್ಲಿ ಒಪ್ಪಿಕೊಂಡನು. 1904ರಲ್ಲಿ ಹೆಂಡತಿ ತೀರಿಕೊಂಡಳು. ಈ ಪ್ರಾಮಾಣಿಕತೆಯನ್ನು ಗೌರವಿಸುವವರು 1924ರ ದಿನಚರಿಯನ್ನೂ ಓದಬೇಕು. ಯೆಹೂದ್ಯರ ವಿಷಯದಲ್ಲಿ ಅಲ್ಲಿರುವ ದ್ವೇಷವನ್ನು ಕಂಡು ನನಗೆ ಬಹುದಿನ ಆ ಹೆಸರೇ ಬೇಡವೆನಿಸಿತ್ತು.

1925ರಲ್ಲಿ ಫ್ರೇಗೆ ತೀರಿಕೊಂಡನು. ದತ್ತುಮಗನು ಕಾಪಾಡಿ ಒಪ್ಪಿಸಿದ ಹಸ್ತಪ್ರತಿಗಳು 1945ರ ಬಾಂಬುದಾಳಿಯಲ್ಲಿ ಮ್ಯೂನ್‌ಸ್ಟರ್ ನಗರದಲ್ಲಿ ನಾಶವಾದವು. ಅವುಗಳಲ್ಲಿ ಹಲವಕ್ಕೆ ಮೊದಲೇ ಬೆರಳಚ್ಚು ಪ್ರತಿ ಮಾಡಿಸಿದ್ದರು. ಉಳಿದ ಆ ಬರಹಗಳು 1969ರಲ್ಲಿ ಅಚ್ಚಾದವು. ನಾಯಿಯ ಮಾತು ನಮಗೆ ಸಿಕ್ಕಿದ್ದು ಅವುಗಳಿಂದ.